ಎಲ್ಲಿಗೆ ಹೋಗುತ್ತೀರಿ ಎಂದು ಕೇಳುವ ಕೆಲಸ

ಬಸ್ಸಿಗೆ ಕಾಯುತ್ತಾ ನಿಂತವರ ಹತ್ತಿರ ಹೋಗಿ, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ, ಯಾತಕ್ಕೆ ಹೋಗುತ್ತೀರಿ ಎಂದು ಕೇಳುವುದು ನನ್ನ ಉದ್ಯೋಗವಾಗಿತ್ತು. ಹೀಗೆಂದರೆ ಈಗಲೂ ಕೆಲವರು ನಗುತ್ತಾರೆ. ನನ್ನ ಅಮ್ಮ ನಕ್ಕಿರಲಿಲ್ಲ, ಗಾಬರಿಯಾಗಿದ್ದಳು.

"ಎಂತ ಉದ್ಯೋಗ ಮಾರಾಯ್ತಿ ಅದು? ದಾರಿಯಲ್ಲಿ ಹೋಗುವವರ ಸುದ್ದಿ ನಿನಗೆ ಯಾಕೆ? ಅದಕ್ಕೆ ಸರಕಾರ ಸಂಬಳ ಕೊಡುವುದುಂಟಾ?"

ಕೊಡುವುದುಂಟು ಎಂಬ ನಂಬಿಕೆ ಅವಳಿಗೆ ಬರಲು ಬಹಳ ಕಾಲ ಹಿಡಿಯಿತು. ಊರಿನವರು ಕೇಳಿದರೆ "ಮಗಳು ತಿರುವನಂತಪುರದಲ್ಲಿ ಸರಕಾರಿ ಕಚೇರಿಯಲ್ಲಿದ್ದಾಳೆ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದಳು.

ನಗರ ಯೋಜನೆಯ ಕೆಲಸಕ್ಕೆ ಹೊಸತಾಗಿ ಸೇರುವ ಹುಡುಗ ಹುಡುಗಿಯರು ಆಗೀಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಅವರ ಬಳಿ ಎಲ್ಲವೂ ಉಂಟು. ಜೇಬಿನಲ್ಲಿರುವ ಫೋನೇ ಯಾರು ಎಲ್ಲಿಗೆ ಹೋದರು ಎಂದು ಹೇಳುತ್ತದಂತೆ. "ಮೇಡಂ, ಆಗ ನೀವು ಹೇಗೆ ಮಾಡುತ್ತಿದ್ದಿರಿ?" ಎಂದು ಕೇಳುತ್ತಾರೆ. ಕಾಲು ನೋಯುವವರೆಗೆ ನಿಂತು, ಬೈಸಿಕೊಂಡು, ಮಾಡುತ್ತಿದ್ದೆವು. ಬಡ್ತಿಗಳ ಕಥೆಯನ್ನು ಇಲ್ಲಿ ಬಿಡುತ್ತೇನೆ. ಕಾದಾಗ ಅವು ಬರಲಿಲ್ಲ, ಕಾಯುವುದನ್ನು ಬಿಟ್ಟ ಮೇಲೆ ಬಂದವು. ಹೇಳಬೇಕಾದದ್ದು ಬೇರೆ ಇದೆ.

ನನ್ನದು ಕಾಸರಗೋಡು. ಅಪ್ಪ ಅಲ್ಲಿನ ಮುನ್ಸೀಫ್ ಕೋರ್ಟಿನಲ್ಲಿ ಗುಮಾಸ್ತರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ. ಗಣಿತದ ಪದವಿ ಮಂಗಳೂರಿನಲ್ಲಿ ಆಯಿತು. ಆದರೆ ರಾಜ್ಯಗಳ ಗಡಿ ಬದಲಾಗಿದ್ದರಿಂದ ಸರಕಾರಿ ಕೆಲಸಕ್ಕೆ ನಾವು ನೋಡಬೇಕಾದದ್ದು ಬೆಂಗಳೂರಿನ ಕಡೆಗಲ್ಲ, ರಾಜ್ಯದ ಇನ್ನೊಂದು ತುದಿಯಲ್ಲಿದ್ದ ತಿರುವನಂತಪುರದ ಕಡೆಗೆ. ಅರವತ್ತರ ದಶಕದ ನಡುವಿನಲ್ಲಿ ನಗರದ ಯೋಜನಾ ಕಚೇರಿಯೊಂದರಲ್ಲಿ ಸಂಚಾರ ಸಮೀಕ್ಷೆಗೆ ಜನ ಬೇಕಿತ್ತು. ಲೆಕ್ಕ ಗೊತ್ತಿರುವ ಹುಡುಗಿ ಎಂದು ನನ್ನನ್ನು ತೆಗೆದುಕೊಂಡರು. ಮಲಯಾಳ ಬರುತ್ತದಾ ಎಂದು ಕೇಳಿದಾಗ ಧೈರ್ಯವಾಗಿ ಬರುತ್ತದೆ ಎಂದಿದ್ದೆ.

ಬರುತ್ತಿತ್ತು, ಆದರೆ ಅದು ಕಾಸರಗೋಡಿನ ಮಲಯಾಳ. ಮೊದಲ ದಿನ ನನ್ನನ್ನು ನಿಲ್ಲಿಸಿದ್ದು ಕೋಟೆಯ ಪಕ್ಕದ ಕಿಳಕ್ಕೇಕೋಟ್ಟ ಬಸ್ ನಿಲ್ದಾಣದಲ್ಲಿ. ಕೈಯಲ್ಲಿ ಕಾರ್ಡಿನ ಕಟ್ಟು, ಎದುರಿಗೆ ಕುತ್ತಿಗೆ ತುಂಬ ಸರ ಹಾಕಿಕೊಂಡ ಒಬ್ಬ ಹಿರಿಯ ಹೆಂಗಸು. ಎಲ್ಲಿಗೆ ಹೋಗುವುದು ಎಂಬುದಕ್ಕೆ ನಮ್ಮ ಕಡೆ "ಏಡಿಯಾ ಪೋನ್ನ್?" ಎನ್ನುತ್ತಾರೆ. ನಾನು ನಗುನಗುತ್ತಾ ಹಾಗೆಯೇ ಕೇಳಿದೆ. ಆಕೆ ಸೆರಗಿನಿಂದ ಸರ ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಮಲಯಾಳದಲ್ಲಿ ಪೊನ್ನು ಎಂದರೆ ಚಿನ್ನ. ಬಸ್ಸುಗಳ ಗದ್ದಲದಲ್ಲಿ ಆಕೆಗೆ ಕೇಳಿಸಿದ್ದು "ಚಿನ್ನ ಎಲ್ಲಿದೆ?" ಎಂದು.

"ಈ ಹುಡುಗಿ ಚಿನ್ನ ಕೇಳುತ್ತಿದ್ದಾಳೆ!" ಎಂದು ಆಕೆ ಕೂಗಿದಳು. ಜನ ಸೇರಿದರು. ಒಬ್ಬ ಪೊಲೀಸನೂ ಬಂದ. ನಾನು ಕಾರ್ಡು ತೋರಿಸಿದೆ, ಕಚೇರಿಯ ಹೆಸರು ಹೇಳಿದೆ, ಕೊನೆಗೆ ಅಳುವ ಹಾಗಾದೆ. ಆಗ ಆ ಹೆಂಗಸಿಗೇ ಪಾಪ ಅನ್ನಿಸಿತು. "ವಡಕ್ಕೇಯಾ ಮೋಳೆ?" ಎಂದಳು. ಬಡಗಿನವಳಾ ಮಗಳೇ, ಎಂದು. ಹೌದು ಎಂದೆ. ಆಕೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿರುವನಂತಪುರದವರು ಆ ಪ್ರಶ್ನೆಯನ್ನು ಹೇಗೆ ಕೇಳುತ್ತಾರೆ ಎಂದು ಮತ್ತೆ ಮತ್ತೆ ಹೇಳಿಸಿದಳು. ತನ್ನ ಬಸ್ಸು ಬಂದರೂ ಬಿಟ್ಟು, ಮುಂದಿನ ಬಸ್ಸಿಗೆ ಹೋದಳು. ನನ್ನ ಮೊದಲ ಕಾರ್ಡು ಆಕೆಯದೇ. ಬೆಳಿಗ್ಗೆ ಮಗಳ ಮನೆಯಿಂದ ಹೊರಟು ತಂಗಿಯ ಮನೆಗೆ, ಉದ್ದೇಶ: ಸುಮ್ಮನೆ.

"ಸುಮ್ಮನೆ" ಎಂಬುದಕ್ಕೆ ಕಾರ್ಡಿನಲ್ಲಿ ಜಾಗವಿರಲಿಲ್ಲ. ಇದನ್ನು ಮ್ಯಾಥ್ಯೂ ಸಾರ್ ಹತ್ತಿರ ಹೇಳಿದೆ.

ಮ್ಯಾಥ್ಯೂ ಸಾರ್ ನಮ್ಮ ವಿಭಾಗದ ಮುಖ್ಯಸ್ಥರು. ಎತ್ತರದ ಆಳು, ಯಾವಾಗಲೂ ಕೈಯಲ್ಲಿ ಕೊಡೆ, ಖುಷಿಯಾದರೆ ಹಲ್ಲಿನ ಸಂದಿಯಿಂದ ಸಿಳ್ಳು. ಪರದೇಶದಲ್ಲಿ ತರಬೇತಿ ಮುಗಿಸಿ ಆಗಷ್ಟೇ ಬಂದಿದ್ದರು. ಅಲ್ಲಿಂದ ಅವರು ತಂದ ದೊಡ್ಡ ವಿದ್ಯೆ ಆಸೆಯ ಗೆರೆ. ಒಬ್ಬ ಮನುಷ್ಯ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದಿದ್ದಾನೋ ಆ ಎರಡು ಜಾಗಗಳ ನಡುವೆ ನಕ್ಷೆಯ ಮೇಲೆ ಎಳೆಯುವ ನೇರ ಗೆರೆ ಅದು. ಅವನು ರಸ್ತೆಯಲ್ಲಿ ಎಷ್ಟು ಸುತ್ತಿದ ಎಂಬುದು ಆ ಗೆರೆಗೆ ಬೇಡ, ಅವನ ಆಸೆ ಮಾತ್ರ ಬೇಕು. ನಾವು ಗೋಡೆಯಷ್ಟು ದೊಡ್ಡ ನಕ್ಷೆಗೆ ಗುಂಡುಸೂಜಿ ಚುಚ್ಚಿ ಬಣ್ಣದ ದಾರ ಕಟ್ಟುತ್ತಿದ್ದೆವು. ಕಚೇರಿಗೆ ಹೋಗುವವರಿಗೆ ನೀಲಿ, ಶಾಲೆಗೆ ಹಸಿರು, ಪೇಟೆಗೆ ಹಳದಿ.

"ಸುಮ್ಮನೆಗೆ ಬಿಳಿ ದಾರ ಕಟ್ಟು ಸುಮತಿ," ಎಂದರು ಸಾರ್. "ಊರಿನಲ್ಲಿ ಬಿಳಿ ದಾರ ಜಾಸ್ತಿ ಇದ್ದರೆ ಊರು ಚೆನ್ನಾಗಿದೆ ಎಂದರ್ಥ."

ಆ ದಾರಗಳಿಂದ ನಾನು ಮೊದಲ ಬಾರಿಗೆ ಒಂದು ಊರಿನ ಮೈಕಟ್ಟು ನೋಡಿದೆ. ತಿರುವನಂತಪುರ ಗುಡ್ಡಗಳ ಊರು. ರಸ್ತೆಗಳು ಗುಡ್ಡದ ನೆತ್ತಿಯ ಮೇಲೆ ಓಡುತ್ತವೆ, ನಡುವಿನ ತಗ್ಗಿನಲ್ಲಿ ಆಗ ಗದ್ದೆಗಳಿದ್ದವು. ಒಂದು ನೆತ್ತಿಯ ಮೇಲೆ ನಿಂತರೆ ಗದ್ದೆಯಾಚೆ ಇನ್ನೊಂದು ನೆತ್ತಿಯ ಮನೆ ಕಾಣುತ್ತದೆ, ಬಟ್ಟೆ ಒಣಗಿಸುವ ಹೆಂಗಸಿನ ಸೀರೆಯ ಬಣ್ಣವೂ ಕಾಣುತ್ತದೆ. ಆದರೆ ಬಸ್ಸಿನಲ್ಲಿ ಅಲ್ಲಿಗೆ ಹೋಗಬೇಕಾದರೆ ಊರಿನ ನಡುವಿನವರೆಗೆ ಇಳಿದು, ಇನ್ನೊಂದು ಬಸ್ಸು ಹಿಡಿದು, ಮತ್ತೆ ಮೇಲೆ ಬರಬೇಕು. ಬಸ್ಸುಗಳೆಲ್ಲ ನಡುವಿಗೆ ಹೋಗುವುದರಿಂದ ಅಂಗಡಿಗಳೆಲ್ಲ ನಡುವಿನಲ್ಲಿ. ಅಂಗಡಿಗಳೆಲ್ಲ ಅಲ್ಲಿರುವುದರಿಂದ ಬಸ್ಸುಗಳೂ ಅಲ್ಲಿಗೇ. ಯಾವುದು ಮೊದಲು ಎಂದು ಸಾರ್ ಜೊತೆ ನಾನು ವರ್ಷಗಟ್ಟಲೆ ವಾದ ಮಾಡಿದ್ದೇನೆ, ಇಬ್ಬರೂ ಗೆದ್ದಿಲ್ಲ.

ಒಂದು ದಿನ ಸಾರ್ ನಕ್ಷೆಯ ಮುಂದೆ ನಿಂತು ಹುಬ್ಬು ಗಂಟಿಕ್ಕಿದರು. ಎಲ್ಲ ಕಡೆ ಬೆಳಿಗ್ಗೆ ಮತ್ತು ಸಂಜೆ ಜನರ ನುಗ್ಗು, ಮಧ್ಯಾಹ್ನ ಬಸ್ಸು ಖಾಲಿ. ಉತ್ತರದ ಉಳ್ಳೂರಿನ ಕಡೆ ಮಾತ್ರ ಮಧ್ಯಾಹ್ನದ ಹೊತ್ತಿಗೆ ದಾರ ಹಗ್ಗದಷ್ಟು ದಪ್ಪವಾಗಿತ್ತು.

"ಅಲ್ಲಿ ಸಮೀಕ್ಷೆಗೆ ನಿಂತವರು ನೆರಳಿನಲ್ಲಿ ಕೂತು ಮನಸ್ಸಿಗೆ ಬಂದದ್ದು ಬರೆದಿದ್ದಾರೆ," ಎಂದರು.

ನಾನು ಇದ್ದದ್ದೇ ಉಳ್ಳೂರಿನಲ್ಲಿ, ಮೈಸೂರು ಕಡೆಯ ಒಂದು ಕುಟುಂಬದ ಮನೆಯ ಬಾಡಿಗೆ ಕೋಣೆಯಲ್ಲಿ. ಯಜಮಾನರು ಕೇಂದ್ರ ಸರಕಾರದ ಒಂದು ಪ್ರಯೋಗಾಲಯದಲ್ಲಿದ್ದರು. ಮನೆಯಾಕೆ ವಿಶಾಲಾಕ್ಷಮ್ಮ. ಅವರು ಕನ್ನಡದಲ್ಲಿ ಗದರಿದರೆ ಮಕ್ಕಳು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದವು. ಅವರಿಗೆ ನನ್ನ ಕನ್ನಡವೂ ತಮಾಷೆ. "ಉಂಟು, ಉಂಟು ಅಂತೀರಲ್ರೀ ಸುಮತಿ, ಏನೋ ಪುರಾಣ ಕೇಳ್ದಂಗಿರುತ್ತೆ," ಎನ್ನುತ್ತಿದ್ದರು. ಆ ಸಂಜೆ ಅವರ ಹತ್ತಿರ ವಿಷಯ ತೆಗೆದೆ.

"ಮಧ್ಯಾಹ್ನ ಈ ದಾರಿಯ ಬಸ್ಸಿನಲ್ಲಿ ಅಷ್ಟು ಜನ ಇರುವುದುಂಟಾ ವಿಶಾಲಾಕ್ಷಮ್ಮ?"

"ಅಯ್ಯೋ, ಕಾಲಿಡಕ್ಕೂ ಜಾಗ ಇರಲ್ಲ ಕಣ್ರೀ. ಬೇಕಾದ್ರೆ ನಾಳೆ ಹತ್ತಿ ನೋಡಿ."

ಮರುದಿನ ಹತ್ತಿದೆ. ಬಾಗಿಲಲ್ಲೇ ನನ್ನ ಮೊಣಕಾಲಿಗೆ ಬಿಸಿ ಪಾತ್ರೆ ತಾಗಿತು. ಪ್ರತಿಯೊಬ್ಬರ ಕೈಯಲ್ಲೂ ಕ್ಯಾರಿಯರ್, ಫ್ಲಾಸ್ಕು, ಬಾಳೆಲೆಯ ಪೊಟ್ಟಣ. ಬಸ್ಸಿಡೀ ಗಂಜಿ ಮತ್ತು ತೆಂಗಿನೆಣ್ಣೆಯ ವಾಸನೆ. ಉಳ್ಳೂರಿನ ಆಚೆಯ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಲು ಮಧ್ಯಾಹ್ನ ಬಿಡುತ್ತಿದ್ದರು. ಊರಿನ ಮೂಲೆಮೂಲೆಯಿಂದ ಅಮ್ಮಂದಿರು, ಹೆಂಡತಿಯರು, ಅತ್ತಿಗೆಯರು ಊಟ ಹಿಡಿದುಕೊಂಡು ಹೊರಟಿದ್ದರು. ಗದ್ದೆಯ ಆಚೆಯ ನೆತ್ತಿಯಿಂದ ಬಂದವಳೊಬ್ಬಳು ಎರಡು ಬಸ್ಸು ಬದಲಿಸಿ ಸಾಕಾಗಿ, "ನಮ್ಮ ಅಂಗಳದಿಂದ ಆಸ್ಪತ್ರೆಯ ಟ್ಯಾಂಕು ಕಾಣುತ್ತದೆ ಚೇಚಿ. ಗಂಜಿ ಮಾತ್ರ ತಲುಪುವಾಗ ತಣ್ಣಗಾಗಿರುತ್ತದೆ," ಎಂದಳು. ಚೇಚಿ ಎಂದರೆ ಅಕ್ಕ.

ಸಾರ್‌ಗೆ ಹೇಳಿದೆ. ಅವರು ನಂಬಲಿಲ್ಲ, ಮಾರನೆಯ ದಿನ ತಾವೇ ಹತ್ತಿದರು. ಹಿಂದಿರುಗಿದಾಗ ಬಿಳಿ ಪ್ಯಾಂಟಿನ ಮೇಲೆ ಸಾಂಬಾರಿನ ದೊಡ್ಡ ಕಲೆಯಿತ್ತು. ಬಾಯಲ್ಲಿ ಸಿಳ್ಳು. "ನಾವು ಊರಿನ ಅಂಚಿನಲ್ಲಿ ಆಸ್ಪತ್ರೆ ಕಟ್ಟಿದ್ದೇವೆ ಎಂದುಕೊಂಡಿದ್ದೆವು ಸುಮತಿ. ಮಧ್ಯಾಹ್ನದ ಹೊತ್ತಿಗೆ ಊರಿನ ನಡು ಅಲ್ಲೇ ಇದೆ."

ಆ ಕಲೆಯ ಪ್ಯಾಂಟಿನಲ್ಲೇ ಅವರು ಸಾರಿಗೆಯ ಅಧಿಕಾರಿಗಳನ್ನು ನೋಡಲು ಹೋದರು. ಅಲ್ಲಿ ಏನು ವಾದ ಮಾಡಿದರೋ ಗೊತ್ತಿಲ್ಲ. ಕೆಲವು ತಿಂಗಳ ನಂತರ ಗದ್ದೆಯ ನಡುವಿನ ಮಣ್ಣು ರಸ್ತೆ ಗಟ್ಟಿಯಾಯಿತು, ನಡು ಊರಿಗೆ ಇಳಿಯದೆ ನೇರ ಆಸ್ಪತ್ರೆಗೆ ಹೋಗುವ ಒಂದು ಮಧ್ಯಾಹ್ನದ ಬಸ್ಸು ಬಂತು. ಕಂಡಕ್ಟರುಗಳು ಅದಕ್ಕೆ ಕಂಜಿ ಬಸ್ಸು ಎಂದು ಹೆಸರಿಟ್ಟರು. ಮುಂದೆ ಆ ರಸ್ತೆಯ ಎರಡೂ ಬದಿಗೆ ಔಷಧಿ ಅಂಗಡಿ, ಹಣ್ಣಿನ ಅಂಗಡಿ, ರೋಗಿಗಳ ಕಡೆಯವರು ತಂಗುವ ಲಾಡ್ಜುಗಳು ಬಂದವು, ಗದ್ದೆ ಹೋಯಿತು. ಒಂದು ಬಸ್ಸಿಗೆ ಎಷ್ಟು ದೂರದವರೆಗೆ ಕೈ ಇರುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ನಮ್ಮನ್ನು ಕೊಚ್ಚಿಗೆ ಕಳಿಸಿದರು. ಅಲ್ಲಿ ಮೊದಲ ತಿಂಗಳೇ ಒಂದು ಫಜೀತಿಯಾಯಿತು. ಹೊಸದಾಗಿ ಸೇರಿದ ಹುಡುಗರು ತಂದ ಕಾರ್ಡುಗಳನ್ನು ನಕ್ಷೆಗೆ ಏರಿಸಲು ಕೂತರೆ, ರಾಶಿ ರಾಶಿ ಜನ ಕೊಚ್ಚಿಯಿಂದ ಕೊಚ್ಚಿಗೇ ಹೋಗುತ್ತಿದ್ದರು. ಒಂದೇ ಸೂಜಿಯಲ್ಲಿ ಶುರು, ಅದೇ ಸೂಜಿಯಲ್ಲಿ ಕೊನೆ.

"ಇವರೆಲ್ಲ ನಿಂತಲ್ಲೇ ಪ್ರಯಾಣ ಮಾಡುತ್ತಾರಾ?" ಎಂದರು ಸಾರ್.

ವಿಷಯ ಇಷ್ಟೇ. ನಾವು ಹೊರಗಿನವರು ಇಡೀ ಊರಿಗೆ ಕೊಚ್ಚಿ ಎಂದು ಹೆಸರಿಟ್ಟು ಕಾರ್ಡು ಅಚ್ಚು ಹಾಕಿಸಿದ್ದೆವು. ಅಲ್ಲಿಯವರಿಗೆ ನೀರಿನ ಈಚೆಗಿರುವುದು ಎರ್ನಾಕುಳಂ, ಆಚೆಗಿರುವ ಮಟ್ಟಾಂಚೇರಿ, ಕೋಟೆಯ ಭಾಗ ಮಾತ್ರ ಕೊಚ್ಚಿ. "ನಾನು ಕೊಚ್ಚಿಗೆ ಹೋಗಿ ಬರುತ್ತೇನೆ" ಎಂದು ಎರ್ನಾಕುಳಂ ಜೆಟ್ಟಿಯಲ್ಲಿ ನಿಂತವನು ಹೇಳಿದರೆ, ಅವನು ಬೋಟು ಹತ್ತಿ ಬೇರೆ ಊರಿಗೇ ಹೋಗುತ್ತಿದ್ದಾನೆ. ನಮ್ಮ ಕಾಗದದಲ್ಲಿ ಅದು ಒಂದು ನಗರ, ಅವರ ತಲೆಯಲ್ಲಿ ನೀರು ಅಡ್ಡವಿರುವ ಎರಡು. ಕಾರ್ಡುಗಳನ್ನೆಲ್ಲ ಮತ್ತೆ ಮೊದಲಿನಿಂದ ಮಾಡಿದೆವು. ಹುಡುಗರು ನನ್ನನ್ನು ಶಪಿಸಿದರು, ನಾನು ಸಾರ್ ಅವರನ್ನು, ಸಾರ್ ಅಚ್ಚು ಹಾಕಿದವನನ್ನು.

ಕೊಚ್ಚಿಯಲ್ಲಿ ಬೋಟೇ ಗಡಿಯಾರ. ಬೋಟು ಬಂದಾಗ ಜೆಟ್ಟಿಯಿಂದ ಜನ ಓಡುತ್ತಾರೆ, ಬಸ್ಸುಗಳು ಹಾರನ್ ಹೊಡೆಯುತ್ತವೆ, ಚಹಾದಂಗಡಿಯವನು ಗ್ಲಾಸು ಜೋಡಿಸುತ್ತಾನೆ. ಬೋಟು ಹೋದ ಮೇಲೆ ಎಲ್ಲ ತಣ್ಣಗೆ. ಜೆಟ್ಟಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಕಚೇರಿಗಳು, ಅದಕ್ಕಿಂತ ಆಚೆ ಮನೆಗಳು. ಗುಡ್ಡ ತಿರುವನಂತಪುರಕ್ಕೆ ಏನು ಮಾಡಿತ್ತೋ ನೀರು ಇಲ್ಲಿಗೆ ಅದನ್ನೇ ಮಾಡಿತ್ತು.

ನಮ್ಮನ್ನು ಕರೆಸಿದ್ದು ಒಂದು ವಸತಿ ಯೋಜನೆಗಾಗಿ. ಮಟ್ಟಾಂಚೇರಿಯ ಒಂದು ತೋಡಿನ ಪಕ್ಕದಲ್ಲಿ ತಗ್ಗಿನ ಗುಡಿಸಲುಗಳಿದ್ದವು. ಮಳೆಗಾಲದಲ್ಲಿ ಸಮುದ್ರ ಏರಿದರೆ ತೋಡಿನ ನೀರು ಮನೆಯೊಳಗೆ. ಮಂಚವನ್ನು ಇಟ್ಟಿಗೆಯ ಮೇಲಿಟ್ಟು ಜನ ಮಲಗುತ್ತಿದ್ದರು. ಅವರಿಗೆ ಒಳ್ಳೆಯ ಮನೆ ಕೊಡಬೇಕೆಂದು ಸರಕಾರ ಹೊರಟಿತ್ತು. ಜಾಗ ಆರಿಸಿದ್ದು ಸ್ವತಃ ಮ್ಯಾಥ್ಯೂ ಸಾರ್. ಎರ್ನಾಕುಳಂನಿಂದ ಪೂರ್ವಕ್ಕೆ ಕಾಕ್ಕನಾಡಿನ ಗುಡ್ಡ. ಈಗ ಅಲ್ಲಿ ಗಾಜಿನ ಕಟ್ಟಡಗಳು, ಕಂಪನಿಯ ಕಾರುಗಳ ಸಾಲು. ಆಗ ಬರೀ ಮುರಕಲ್ಲು, ಗೇರುಮರ ಮತ್ತು ಗಾಳಿ. ಸಾರ್ ಆ ಗುಡ್ಡಕ್ಕೆ ಮರುಳಾಗಿದ್ದರು. ಅಲ್ಲಿ ನಿಂತು ಎರಡೂ ಕೈ ಚಾಚಿ, "ಈ ಗಾಳಿ ಆ ಮಕ್ಕಳಿಗೆ ಸಿಗಬೇಕು ಸುಮತಿ," ಎನ್ನುತ್ತಿದ್ದರು. ಮನೆಗಳ ನಕ್ಷೆಯೂ ತಯಾರಾಗಿತ್ತು. ಪ್ರತಿ ಮನೆಗೆ ಒಂದು ತೆಂಗಿನ ಸಸಿ ಎಂದು ಅವರೇ ಪೆನ್ಸಿಲಿನಲ್ಲಿ ಸೇರಿಸಿದ್ದರು. ನನಗೂ ಆ ಗುಡ್ಡ ಇಷ್ಟವಾಗಿತ್ತು. ಆ ಕುಟುಂಬಗಳ ಓಡಾಟ ಎಲ್ಲೆಲ್ಲಿ ಎಂದು ನೋಡಿ, ಬಸ್ಸು ಎಷ್ಟು ಬೇಕು ಎಂದು ಹೇಳುವುದಷ್ಟೇ ನನ್ನ ಪಾಲಿನ ಕೆಲಸ.

ತೋಡಿನ ಪಕ್ಕದ ಹೆಂಗಸರಲ್ಲಿ ಹೆಚ್ಚಿನವರು ಬಜಾರಿನ ಗೋದಾಮುಗಳಲ್ಲಿ ಒಣಶುಂಠಿ, ಒಳ್ಳೆಮೆಣಸು ಆರಿಸುತ್ತಿದ್ದರು. ಅವರಿಗೆಲ್ಲ ಮುಂದಾಳು ತ್ರೇಸ್ಯಾ ಚೇಚಿ. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವಳು, ಗಂಡ ತೀರಿಹೋಗಿದ್ದ, ಮನೆಯಲ್ಲಿ ಎದ್ದು ನಡೆಯಲಾಗದ ಅತ್ತೆ ಮತ್ತು ಎರಡು ಮಕ್ಕಳು. ಅವಳ ಹತ್ತಿರ ಹೋದರೆ ಶುಂಠಿಯ ಘಾಟಿಗೆ ನನಗೆ ಸೀನು. "ಮೋಳೆ ಬಂದಳು," ಎಂದು ಅವಳು ನನ್ನ ಸೀನು ಕೇಳಿಯೇ ಹೇಳುತ್ತಿದ್ದಳು.

ಹೊಸ ಮನೆಯ ಮಾತೆತ್ತಿದರೆ ಅವಳ ಕಣ್ಣು ಹೊಳೆಯುತ್ತಿತ್ತು. "ನೆಲ ಒಣಗಿರುತ್ತದಾ? ಮಳೆಗಾಲದಲ್ಲೂ?" ಎಂದು ಪ್ರತಿ ಸಲ ಕೇಳುತ್ತಿದ್ದಳು. ನಾನು ಹೌದು ಎಂದರೆ ಪಕ್ಕದವಳ ಕಡೆ ತಿರುಗಿ, "ಕೇಳಿದೆಯಾ?" ಎನ್ನುತ್ತಿದ್ದಳು.

ನಾನು ಕಾರ್ಡು ತುಂಬಿ ತಂದು ದಾರ ಕಟ್ಟಲು ಕೂತೆ. ಕಟ್ಟಲು ಆಗಲಿಲ್ಲ. ಸೂಜಿಗಳು ಒಂದಕ್ಕೊಂದು ಅಷ್ಟು ಹತ್ತಿರ. ಮನೆ, ಗೋದಾಮು, ನಲ್ಲಿ, ಇಗರ್ಜಿ, ಶಾಲೆ, ಮೀನಿನ ಪೇಟೆ, ಎಲ್ಲ ನನ್ನ ಅಂಗೈಯಗಲದಲ್ಲಿ. ಬಸ್ಸು ಹತ್ತುವವರೇ ಇರಲಿಲ್ಲ. ನಮ್ಮ ಕಾರ್ಡಿನಲ್ಲಿ ನಡಿಗೆಗೆ ಅಂಕಣವೇ ಇರದಿದ್ದರಿಂದ ಇವರೆಲ್ಲ ಎಲ್ಲಿಗೂ ಹೋಗದವರ ಲೆಕ್ಕಕ್ಕೆ ಸೇರುತ್ತಿದ್ದರು. ಅನುಮಾನ ಬಂದು ಒಂದು ದಿನ ಪೂರ್ತಿ ಅವರ ಜೊತೆಗೇ ಇದ್ದೆ. ಬೆಳಿಗ್ಗೆ ಗೋದಾಮಿನ ಗಂಟೆಗೆ ಹೋದರು. ಮಧ್ಯಾಹ್ನದ ಗಂಟೆಗೆ ಮನೆಗೆ ಬಂದು, ಮಲಗಿದವರಿಗೆ ಗಂಜಿ ಕುಡಿಸಿ, ಮಕ್ಕಳಿಗೆ ಬಡಿಸಿ, ಕೊಡ ತುಂಬಿ, ಮತ್ತೆ ಗಂಟೆಗೆ ಹೋದರು. ಗೋದಾಮು ಮನೆಯ ಮಗ್ಗುಲಲ್ಲಿ ಇರುವುದರಿಂದಲೇ ಆ ಸಂಸಾರಗಳು ನಿಂತಿದ್ದವು. ಇವರನ್ನು ಗುಡ್ಡಕ್ಕೆ ಒಯ್ದರೆ ಕೆಲಸ ಇರುತ್ತದೆ, ಇಲ್ಲವೇ ಮನೆ ಇರುತ್ತದೆ. ಎರಡೂ ಒಟ್ಟಿಗೆ ಇರುವುದಿಲ್ಲ.

ಸಾರ್‌ಗೆ ಹೇಳಿದಾಗ ಅವರ ಸಿಳ್ಳು ನಿಂತಿತು.

"ನಡೆಯುವುದು ಸಂಚಾರ ಅಲ್ಲ ಸುಮತಿ. ಬಸ್ಸು ಹಾಕಿಸಿದರೆ ಆಯಿತು. ಬಸ್ಸು, ಜೆಟ್ಟಿಯಿಂದ ಬೋಟು, ಬಜಾರು. ಏನು ಕಷ್ಟ?"

"ಒಂದು ಸಲ ಹೋಗಿ ನೋಡುವುದಲ್ಲವಾ ಸಾರ್? ಅವರನ್ನೂ ಕರೆದುಕೊಂಡು."

ಗೆಲ್ಲುವುದು ತಾನೇ ಎಂಬ ಖಾತ್ರಿಯಿಂದ ಅವರು ಒಪ್ಪಿದರು.

ಒಂದು ದಿನ ನಸುಕಿನಲ್ಲೇ ಕಚೇರಿಯ ಜೀಪು ಸೇತುವೆ ಸುತ್ತಿ ಹೋಗಿ ತ್ರೇಸ್ಯಾ ಮತ್ತು ಮೂವರು ನೆರೆಯವರನ್ನು ಗುಡ್ಡಕ್ಕೆ ತಂದಿತು. ಜೀಪಿನಲ್ಲಿ ಅವರು ದಾರಿಯುದ್ದಕ್ಕೂ ಹಾಡಿದ್ದರಂತೆ. ಗೇರುಹಣ್ಣಿನ ಕಾಲ. ತ್ರೇಸ್ಯಾ ಬಿಳಿ ಮುಂಡಿನ ಮಡಿಲಲ್ಲಿ ಹಣ್ಣು ತುಂಬಿಕೊಂಡು ಗುಡ್ಡದ ನೆತ್ತಿಯಲ್ಲಿ ನಿಂತಳು. ಮುಖಕ್ಕೆ ಗಾಳಿ ಬಡಿಯುತ್ತಿತ್ತು. ಬರಿಗಾಲಿನಿಂದ ನೆಲವನ್ನು ಒತ್ತಿ ಒತ್ತಿ ನೋಡಿದಳು.

"ಕಲ್ಲು," ಎಂದಳು. "ಎಷ್ಟು ಒಣಗಿದೆ!"

ಸಾರ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಜೀಪನ್ನು ಹಿಂದೆ ಕಳಿಸಿ, ಕೆಲಸಕ್ಕೆ ಹೋಗುವವರ ಹಾಗೆ ನಾವೆಲ್ಲ ರಸ್ತೆಗೆ ಇಳಿದೆವು. ಮೊದಲ ಬಸ್ಸು ತುಂಬಿಕೊಂಡು ಬಂದು ನಿಲ್ಲದೇ ಹೋಯಿತು. ಎರಡನೆಯದು ಬರಲು ನಮಗೆ ಗೇರುಹಣ್ಣು ತಿಂದು ಮುಗಿಸುವಷ್ಟು ಹೊತ್ತಿತ್ತು. ಅದರಲ್ಲಿ ನೇತಾಡಿಕೊಂಡು ಎರ್ನಾಕುಳಂ ಸೇರಿ, ಜೆಟ್ಟಿಯ ಕಡೆ ಓಡಿದೆವು. ಬೋಟಿನ ಹಗ್ಗ ಬಿಚ್ಚುತ್ತಿದ್ದರು. ಸಾರ್ ಬೂಟುಗಾಲಿನಲ್ಲಿ ಎಲ್ಲರಿಗಿಂತ ಮುಂದೆ, ಕೊಡೆ ಬೀಸುತ್ತಾ, "ನಿಲ್ಲಿಸಿ, ನಿಲ್ಲಿಸಿ!" ಎಂದು ಕೂಗುತ್ತಾ ಓಡಿದರು. ಬೋಟಿನಲ್ಲಿದ್ದವರು ಬೀಳ್ಕೊಡಲು ಬಂದ ನೆಂಟರಿರಬೇಕು ಎಂದುಕೊಂಡು ಅವರಿಗೆ ಕೈ ಬೀಸಿದರು. ಬೋಟು ಹೋಯಿತು. ತ್ರೇಸ್ಯಾ ನಕ್ಕು ನಕ್ಕು ಜೆಟ್ಟಿಯ ಮೇಲೆಯೇ ಕೂತಳು.

ಮುಂದಿನ ಬೋಟಿನಲ್ಲಿ ಮಟ್ಟಾಂಚೇರಿ ತಲುಪಿದಾಗ ಗೋದಾಮಿನ ಗೇಟು ಹಾಕಿತ್ತು. ಮೇಸ್ತ್ರಿ ಕಿಂಡಿಯಿಂದ ನೋಡಿ, "ನಿಮ್ಮ ಜಾಗದಲ್ಲಿ ಬೇರೆಯವರು ಕೂತಾಯಿತು. ಮಧ್ಯಾಹ್ನ ಬನ್ನಿ," ಎಂದ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಆಗ ಯಾರೂ ನಗಲಿಲ್ಲ. ತ್ರೇಸ್ಯಾ ಮುಚ್ಚಿದ ಗೇಟನ್ನು ಒಮ್ಮೆ ತಳ್ಳಿ ನೋಡಿದಳು. ಆಮೇಲೆ ಸಾರ್ ಕಡೆ ತಿರುಗಿದಳು.

"ಸಾರೇ, ಆ ಮನೆ ನನಗೆ ಬೇಕು. ಆ ಗಾಳಿ ನೆನೆದರೆ ಇವತ್ತು ನಿದ್ದೆ ಬರುವುದಿಲ್ಲ. ಆದರೆ ಮಧ್ಯಾಹ್ನ ಅತ್ತೆಗೆ ಗಂಜಿ ಕೊಡುವವರು ಯಾರು?"

ಹಿಂದಿರುಗುವ ಬೋಟಿನಲ್ಲಿ ಸಾರ್ ಕೊಡೆಯ ತುದಿಯಿಂದ ಹಲಗೆಯ ಮೇಲೆ ಏನನ್ನೋ ಗೀರುತ್ತಾ ಕೂತಿದ್ದರು. ಎರ್ನಾಕುಳಂ ಹತ್ತಿರ ಬಂದಾಗ ಅವರೇ ಹೇಳಿದರು, "ನಡಿಗೆಗೆ ಯಾವ ಬಣ್ಣದ ದಾರ ಇದೆ ಸುಮತಿ?"

"ಕೆಂಪು ಉಳಿದಿದೆ ಸಾರ್."

"ಕೆಂಪು ಕಟ್ಟು."

ಮೇಲಧಿಕಾರಿಗಳ ಸಭೆಯ ದಿನ ನಾನು ಮೂಲೆಯಲ್ಲಿ ಕೂತಿದ್ದೆ. ಗುಡ್ಡದ ಜಾಗ ಸರಕಾರದ್ದೇ ಆದ್ದರಿಂದ ಅವರಿಗೆಲ್ಲ ಅದು ಬಹಳ ಅನುಕೂಲ. ಸಾರ್ ನಕ್ಷೆ ಬಿಚ್ಚಿದರು. ಎಲ್ಲ ಬಣ್ಣಗಳ ನಡುವೆ ಮಟ್ಟಾಂಚೇರಿಯಲ್ಲಿ ಒಂದು ಕೆಂಪು ಗೂಡು. "ಈ ಗುಡ್ಡ ಆರಿಸಿದವನು ನಾನು. ಬೇಡ ಎನ್ನುತ್ತಿರುವವನೂ ನಾನೇ," ಎಂದರು. ಕೋಣೆಯಲ್ಲಿ ಗುಜುಗುಜು. ಅಧ್ಯಕ್ಷತೆ ವಹಿಸಿದ್ದ ಹಿರಿಯ ಅಧಿಕಾರಿ, "ಬಸ್ಸು ಕೊಟ್ಟರೆ ಮುಗಿಯಿತಲ್ಲ ಮ್ಯಾಥ್ಯೂ," ಎಂದರು. ಸಾರ್ ಬಹಳ ವಿನಯದಿಂದ, "ನಾಳೆ ಬೆಳಿಗ್ಗೆ ಆ ಬಸ್ಸಿನಲ್ಲಿ ನನ್ನ ಜೊತೆ ಬರುತ್ತೀರಾ ಸಾರ್? ಬೂಟು ಬೇಡ, ಓಡಲು ಆಗುವುದಿಲ್ಲ," ಎಂದರು. ಎಲ್ಲರೂ ನಕ್ಕರು. ಹಿರಿಯ ಅಧಿಕಾರಿಯೂ ನಕ್ಕರು, ಆದರೆ ಬರುತ್ತೇನೆ ಎನ್ನಲಿಲ್ಲ.

ಅಷ್ಟಕ್ಕೇ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಕಡತ ಮೇಜಿನಿಂದ ಮೇಜಿಗೆ ಅಲೆಯಿತು. ಒಂದು ಮಳೆಗಾಲ ಕಳೆಯಿತು, ತೋಡಿನ ನೀರು ಮತ್ತೆ ಮನೆಗಳಿಗೆ ನುಗ್ಗಿತು. ತ್ರೇಸ್ಯಾ ಆ ಮಳೆಯಲ್ಲಿ ನನ್ನ ಜೊತೆ ಮಾತು ಬಿಟ್ಟಿದ್ದಳು. "ಒಣಗಿದ ಮನೆ ಕೈಗೆ ಬರುತ್ತಿತ್ತು, ನೀನು ತಪ್ಪಿಸಿದೆ," ಎಂದು ಒಂದೇ ಸಲ ಹೇಳಿದಳು. ಅವಳದು ನ್ಯಾಯವೇ. ನನ್ನ ದಾರಗಳು ಸರಿಯಿದ್ದರೂ ಅವಳ ಮಂಚ ಇಟ್ಟಿಗೆಯ ಮೇಲೆಯೇ ಇತ್ತು. ಆ ಕೆಲವು ತಿಂಗಳು ನನಗೂ ಸಾರ್‌ಗೂ ಬಹಳ ಕೆಟ್ಟವು. ಇಬ್ಬರೂ ಸೇರಿ ಮಟ್ಟಾಂಚೇರಿಯ ಸುತ್ತ ನೀರು ಏರದ ಜಾಗ ಹುಡುಕುತ್ತಾ ಅಲೆದೆವು. ಕೊನೆಗೆ ಸಿಕ್ಕಿದ್ದು ಮುಚ್ಚಿಹೋಗಿದ್ದ ಒಂದು ತೆಂಗಿನ ನಾರಿನ ಕಾರ್ಖಾನೆಯ ಅಂಗಳ. ಜಾಗ ಸಣ್ಣದು. ಸಾರ್ ನಕ್ಷೆಯಲ್ಲಿದ್ದ ಮನೆಗೊಂದು ಅಂಗಳ, ತೆಂಗಿನ ಸಸಿ ಎಲ್ಲ ಹೋಗಿ, ಒಂದಕ್ಕೊಂದು ಅಂಟಿದ ಸಾಲು ಮನೆಗಳಾದವು. ಮೊದಲ ಸುತ್ತಿನಲ್ಲಿ ಎಲ್ಲ ಕುಟುಂಬಗಳಿಗೂ ಸಿಗಲಿಲ್ಲ. ಉಳಿದವರಿಗೆ ಪಕ್ಕದಲ್ಲಿ ಇನ್ನೊಂದು ಜಾಗ ಸಿಗಲು ವರ್ಷಗಳು ಹಿಡಿದವು.

ನಂತರದ ದಿನಗಳಲ್ಲಿ ಗುಂಡುಸೂಜಿ ಹೋಗಿ ತೂತಿನ ಕಾರ್ಡು ಬಂತು, ಅದನ್ನು ಓದಲು ಕೋಣೆ ತುಂಬುವ ಯಂತ್ರ ಬಂತು. ಪ್ರತಿ ಹೊಸ ಪ್ರಶ್ನಾವಳಿ ಬಂದಾಗಲೂ ನಾನು ಮೊದಲು ನೋಡುತ್ತಿದ್ದದ್ದು ನಡಿಗೆಗೆ ಜಾಗ ಇದೆಯಾ ಎಂದು. ಎಷ್ಟೋ ಸಲ ಇರುತ್ತಿರಲಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬಂದವರೇ, ನೀವೂ ನೋಡಿ. ಫೋನು ಇಲ್ಲದವರು, ಇದ್ದರೂ ಮನೆಯಲ್ಲೇ ಬಿಟ್ಟು ನೀರಿಗೆ ಹೋಗುವವರು, ನಿಮ್ಮ ಪರದೆಯಲ್ಲಿ ಎಲ್ಲಿದ್ದಾರೆ ಎಂದು ಕೇಳಿ.

ಅವರು ಹೊಸ ಮನೆಗಳಿಗೆ ಒಕ್ಕಲು ಹೋದ ಬೆಳಿಗ್ಗೆಯನ್ನು ಹೇಳಿ ನಿಲ್ಲಿಸುತ್ತೇನೆ.

ಸಾರ್ ಮತ್ತು ನಾನು ನೋಡಲೆಂದು ಹೋಗಿದ್ದೆವು. ಲಾರಿ ಬೇಕಾಗಲಿಲ್ಲ. ತೋಡಿನ ಪಕ್ಕದಿಂದ ಹೊಸ ಮನೆಗೆ ಅಷ್ಟು ಹತ್ತಿರ. ಕೈಗಾಡಿಯಲ್ಲಿ ಮಂಚ, ತಲೆಯ ಮೇಲೆ ಕೊಡ, ಕಂಕುಳಲ್ಲಿ ಕೋಳಿ. ತ್ರೇಸ್ಯಾ ತನ್ನ ಅತ್ತೆಯನ್ನು ಕುರ್ಚಿ ಸಮೇತ ಇಬ್ಬರ ಕೈಯಲ್ಲಿ ಹೊರಿಸಿಕೊಂಡು ಬಂದಳು. ಮುದುಕಿ ಕುರ್ಚಿಯ ಮೇಲಿಂದ ದಾರಿಯಲ್ಲಿ ಕಂಡವರಿಗೆಲ್ಲ ಕೈ ಮುಗಿಯುತ್ತಿದ್ದಳು. ಸಾಲು ಮನೆಗಳ ಮುಂದಿನ ಅಂಗಳದಲ್ಲಿ ಸಾಮಾನು ಇಳಿಸಿ ಒಳಗೆ ಜೋಡಿಸುವ ಮೊದಲೇ ಬಜಾರಿನ ಕಡೆಯಿಂದ ಗೋದಾಮಿನ ಗಂಟೆ ಹೊಡೆಯಿತು.

ಹೆಂಗಸರು ಒಮ್ಮೆಗೇ ತಲೆಯೆತ್ತಿದರು. "ಸಾರೇ, ಮೋಳೆ, ಸ್ವಲ್ಪ ನೋಡಿಕೊಳ್ಳಿ, ಬಂದೆ," ಎಂದು ತ್ರೇಸ್ಯಾ ಕೈಯಲ್ಲಿದ್ದ ಕೋಳಿಯನ್ನು ಸಾರ್ ಕೈಗೆ ಕೊಟ್ಟು ಹೊರಟೇಬಿಟ್ಟಳು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಅಂಗಳದಲ್ಲಿ ನಾವಿಬ್ಬರು, ಮುದುಕಿ, ಮತ್ತು ಇಡೀ ಬೀದಿಯ ಸಾಮಾನು. ಸಾರ್ ಒಂದು ಒರಳಿನ ಮೇಲೆ ಕೋಳಿ ಹಿಡಿದು ಕೂತರು. ನಾನು ಬೇರೊಬ್ಬಳ ಆಡಿನ ಹಗ್ಗ ಹಿಡಿದಿದ್ದೆ. ಮುದುಕಿ ನಮ್ಮನ್ನು ಕೆಲಸದವರೆಂದು ತಿಳಿದು, ಆ ಕಡಾಯಿ ಅಲ್ಲಿಡಿ, ಈ ಚಾಪೆ ಇಲ್ಲಿಡಿ ಎಂದು ಅಪ್ಪಣೆ ಮಾಡುತ್ತಿದ್ದಳು. ನಾವು ಇಡುತ್ತಿದ್ದೆವು.

ಮಧ್ಯಾಹ್ನದ ಗಂಟೆ ಹೊಡೆಯಿತು. ಸಾರ್ ಎದ್ದು ಬೀದಿಯ ತುದಿಯ ಕಡೆ ನೋಡುತ್ತಾ ನಿಂತರು. ಸ್ವಲ್ಪ ಹೊತ್ತಿಗೆ ತಿರುವಿನಲ್ಲಿ ಬಿಳಿ ಮುಂಡುಗಳು ಕಂಡವು, ಮಾತು ಕೇಳಿಸಿತು, ಶುಂಠಿಯ ಘಾಟು ಬಂತು, ನನಗೆ ಸೀನು ಬಂತು. ತ್ರೇಸ್ಯಾ ಕಾಲು ತೊಳೆದು ಒಳಗೆ ಹೋದಳು. ಒಣಗಿದ ನೆಲದ ಮೇಲೆ ಎಲ್ಲರನ್ನೂ ಕೂರಿಸಿ ಗಂಜಿ ಬಡಿಸಿದಳು, ನಮಗೂ. ತಾನು ನಿಂತುಕೊಂಡೇ ಉಂಡಳು. ಮಾತಿಗೆ ಹೊತ್ತಿರಲಿಲ್ಲ. ಮತ್ತೆ ಗಂಟೆ ಹೊಡೆದಾಗ ತಟ್ಟೆ ಮಗುಚಿಟ್ಟು ಅವಳು ಹೋದಳು.

ಮರದ ಕಪಾಟೊಂದು ಇನ್ನೂ ಅಂಗಳದಲ್ಲೇ ಉಳಿದಿತ್ತು. ಸಾರ್ ಅಂಗಿಯ ತೋಳು ಮಡಚಿಕೊಂಡರು.

"ಸುಮತಿ, ಆ ಕಡೆ ಹಿಡಿ," ಎಂದರು.

ಇಬ್ಬರೂ ಸೇರಿ ಅದನ್ನು ಎತ್ತಿ ಒಳಗಿಟ್ಟೆವು.